ಇನ್ನೂರು ರೂಪಾಯಿ ಲುಕ್ಸಾನ

ನನಗೊಂದು ಚಟವಿದೆ. ಎಲೆ-ಅಡಿಕೆ, ತಂಬಾಕು ಅಂತ ಊಹಿಸಬೇಡಿ. ಅವಕ್ಕೆಲ್ಲ ರೊಕ್ಕ ಬೇಕು. ನನ್ನದು ಬಿಟ್ಟಿ ಚಟ. ಮನೆಗೆ ಬಂದ ಲಗ್ನಪತ್ರಿಕೆಗಳನ್ನು ಕೂಡಿಟ್ಟು ಅವುಗಳ ಹಿಂಬದಿಯಲ್ಲಿ ಲೆಕ್ಕ ಬರೆಯುವುದು. ನಮ್ಮ ಹಾರೂಗೇರಿ ಕಡೆ ಲಗ್ನಪತ್ರಿಕೆಯ ಮುಂಬದಿಯಲ್ಲಿ ಸೂಜಿ ಊರಲಿಕ್ಕೂ ಜಾಗ ಇರುವುದಿಲ್ಲ. ಸೋದರಮಾವಂದಿರು, ಕಾಕಾಗಳು, ಊರ ಹಿರಿಯರು, ಕೊನೆಗೆ ಇನ್ನೂ ಮಾತು ಬಾರದ ಕೂಸುಗಳ ಹೆಸರು ಹಾಕಿ 'ನಮ್ಮ ಮಾಮಾನ ಲಗ್ನಕ್ಕ ಎಲ್ಲಾರೂ ಬರ್ರಿ' ಅಂತ ಒಂದು ಸಾಲು. ಹಿಂಬದಿ ಮಾತ್ರ ಬೆಳ್ಳಗೆ, ನುಣ್ಣಗೆ, ಹರಗಿ ಬಿಟ್ಟ ಹೊಲದ ಹಾಗಿರುತ್ತದೆ. ಅಂಥ ಜಾಗವನ್ನು ಹಾಳು ಬಿಡುವುದು ನನ್ನ ಜೀವಕ್ಕೆ ಒಗ್ಗುವುದಿಲ್ಲ.

ಮೊನ್ನೆ ಹೀಗೇ ಒಂದು ಪತ್ರಿಕೆಯನ್ನು ತಿರುಗಿಸಿಕೊಂಡು ಕಿರಾಣಿ ಸಾಮಾನು ಬರೆಯುತ್ತಿದ್ದೆ. ಒಂದನೆತ್ತೆ ಓದುವ ನನ್ನ ಮಗಳು ಆರೋಹಿ ಬಗಲಿಗೆ ಬಂದು ನಿಂತಳು.

"ಪಪ್ಪಾ, ನಾ ಹುಟ್ಟೂಕಿಂತ ಮೊದಲ ನನಗ ಎಷ್ಟ ಖರ್ಚ ಬರ್ತೈತಿ ಅಂತ ನೀ ಹಿಂಗ ಬರದಿದ್ದಿ ಅಂತ. ಎಷ್ಟ ಬಂದಿತ್ತು?"

"ಯಾರ ಹೇಳಿದ್ರು ನಿನಗ?"

"ಮಮ್ಮಿ."

ಅಡುಗೆಮನೆಯಲ್ಲಿ ಪಾತ್ರೆಯ ಸಪ್ಪಳ ನಿಂತಿತು. ನಾನು, "ನೆನಪಿಲ್ಲವಾ, ಬಾಳ ದಿವಸ ಆತು" ಅಂದೆ. ಸುಳ್ಳು. ಪೈಸೆಗೆ ಪೈಸೆ ನೆನಪಿದೆ. ಮಗುವಿಗೆ ಹೇಳಲಾಗದ್ದನ್ನು ನಿಮಗಾದರೂ ಹೇಳುತ್ತೇನೆ.

ಲೆಕ್ಕದ ಈ ಹುಚ್ಚು ನನಗೆ ಅಪ್ಪನಿಂದ ಬಂದದ್ದು. ಅಪ್ಪ ನಿಪ್ಪಾಣಿಯ ಒಂದು ತಂಬಾಕಿನ ವಖಾರಿನಲ್ಲಿ, ಅಂದರೆ ಗೋದಾಮಿನಲ್ಲಿ, ಹಮಾಲಿಗೆ ಸೇರಿ, ಹತ್ತು-ಹನ್ನೆರಡು ವರ್ಷ ಚೀಲ ಹೊತ್ತು, ಕಡೆಗೆ ತಕ್ಕಡಿಯ ಬಾಜು ನಿಂತು ತೂಕ ಕೂಗುವ ಮಟ್ಟಕ್ಕೆ ಏರಿದ್ದ. ನನ್ನ ಬಾಲ್ಯ ಅಂದರೆ ಸೀನು. ತಂಬಾಕಿನ ಧೂಳಿಗೆ ನಮ್ಮ ಓಣಿಯ ಮಕ್ಕಳೆಲ್ಲ ಮುಂಜಾನೆ ಎದ್ದವರೇ ಹತ್ತು ಸಲ ಸೀನಿ ಆಮೇಲೆ ಮುಖ ತೊಳೆಯುತ್ತಿದ್ದೆವು. ವಖಾರಿನ ಗೋಡೆಯ ತುಂಬ ಅಪ್ಪ ಇದ್ದಿಲಲ್ಲಿ ಬರೆದ ಕೂಡುಲೆಕ್ಕ. ಮಗ್ಗಿ ಹೇಳಿಸುತ್ತಿದ್ದದ್ದು ಮರಾಠಿಯಲ್ಲಿ: ಬೇ ಏಕ ಬೇ, ಬೇ ದುಣೇ ಚಾರ. ಇವತ್ತಿಗೂ ನಾನು ಮಾತಾಡುವುದು, ಬೈಯುವುದು, ಕನಸು ಕಾಣುವುದು ಎಲ್ಲ ಕನ್ನಡದಲ್ಲಿ. ಕೂಡಿಸುವುದು ಮಾತ್ರ ಮರಾಠಿಯಲ್ಲಿ. ಶನಿವಾರ ಬೀಡಿ ಕಟ್ಟುವ ಹೆಂಗಸರು ತಮ್ಮ ವಾರದ ಮಜೂರಿ ಸರಿಯಿದೆಯೋ ಇಲ್ಲವೋ ನೋಡಿಸಿಕೊಳ್ಳಲು ಅಪ್ಪನ ಹತ್ತಿರ ಬರುತ್ತಿದ್ದರು. ಅಪ್ಪ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, "ಮೂರ ರೂಪಾಯಿ ಕಮ್ಮಿ ಕೊಟ್ಟಾರವಾ, ಹೋಗಿ ಕೇಳ" ಅನ್ನುತ್ತಿದ್ದ. ಅವರು ಹೋಗಿ ಕೇಳಿ ತರುತ್ತಿದ್ದರು. ಅವನ ಲೆಕ್ಕದಿಂದ ಯಾವ ಹೆಂಗಸಿಗೂ ಲುಕ್ಸಾನ ಆದದ್ದು ನಾನು ಕಂಡಿಲ್ಲ.

ಅಪ್ಪ ತೀರಿದ ಮೇಲೆ ಅವ್ವ ನನ್ನನ್ನು ಕರೆದುಕೊಂಡು ನಮ್ಮೂರು ಅಲಖನೂರಿಗೆ ಬಂದಳು. ಪಾಲಿಗೆ ಬಂದ ಒಂದಿಷ್ಟು ಹೊಲ, ಎರಡು ಎಮ್ಮೆ. ಆ ಎಮ್ಮೆಗಳ ಹಾಲಿನ ಮೇಲೆ ನಾನು ಬಿ.ಕಾಂ. ಮುಗಿಸಿ, ಹಾರೂಗೇರಿಯ ಒಂದು ಪತ್ತಿನ ಸಂಘದಲ್ಲಿ ಲೆಕ್ಕಿಗನಾಗಿ ಅಲ್ಲೇ ಮನೆ ಮಾಡಿದೆ. ಊರ ಅರ್ಧ ಜನರ ಉಳಿತಾಯ ಎಷ್ಟಿದೆ ಅಂತ ಅವರ ಹೆಂಡಂದಿರಿಗಿಂತ ಮೊದಲು ನನಗೆ ಗೊತ್ತಿರುತ್ತದೆ. ಈ ಸೊಕ್ಕು ನನಗೆ ಒಳಗೊಳಗೇ ಇತ್ತು, ಸುಳ್ಳೇಕೆ ಹೇಳಲಿ.

ನನ್ನ ಹೆಂಡತಿ ಸವಿತಾ ಕಾಗವಾಡದ ಹುಡುಗಿ. ಬಿ.ಎಸ್ಸಿ., ಬಿ.ಎಡ್. ಮದುವೆಗೆ ಮೊದಲೇ ಮೀರಜದ ಒಂದು ಶಾಲೆಯಲ್ಲಿ ಗಣಿತ ಕಲಿಸಿದ್ದಳು. ಮದುವೆಯಾಗಿ ಬಂದ ಎರಡು ತಿಂಗಳಿಗೇ ನಮ್ಮ ಮನೆಯಿಂದ ಐದು ನಿಮಿಷ ನಡೆದರೆ ಸಿಗುವ ಖಾಸಗಿ ಶಾಲೆಗೆ ಸೇರಿದಳು. ಪಗಾರ ಒಂಬತ್ತು ಸಾವಿರ. ಕಡಿಮೆಯೇ. ಆದರೆ ಮುಂಜಾನೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೈಯಲ್ಲಿ ಡಸ್ಟರು-ಪುಸ್ತಕ ಹಿಡಿದು ಹೊರಟಳೆಂದರೆ ಓಣಿಯ ಹಿರಿಯರು ಕಟ್ಟೆಯ ಮೇಲೆ ಚಾಚಿದ ಕಾಲು ಮಡಚಿಕೊಳ್ಳುತ್ತಿದ್ದರು. "ಬಾಯೋರು ಹೊಂಟ್ರು" ಅನ್ನುತ್ತಿದ್ದರು. ನಮ್ಮ ಕಡೆ ಟೀಚರಮ್ಮನಿಗೆ ಬಾಯೋರು ಅನ್ನುತ್ತಾರೆ. ನಾನು ಅದೇ ದಾರಿಯಲ್ಲಿ ಇಪ್ಪತ್ತು ವರ್ಷದಿಂದ ಓಡಾಡುತ್ತಿದ್ದೇನೆ, ನನಗೆ ಯಾರೂ ಕಾಲು ಮಡಚಿಲ್ಲ.

ಸವಿತಾಳಿಗೆ ಏಳು ತಿಂಗಳಾಗಿದ್ದಾಗಿನ ಮಾತು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂತಿದ್ದೆವು. ನನ್ನ ಮೊಬೈಲಿನಲ್ಲಿ ಯಾವುದೋ ಪುಟ ತೆರೆದುಕೊಂಡಿತು: ಮೊದಲ ಮಗುವಿಗೆ ತಿಂಗಳಿಗೆ ಎಷ್ಟು ಖರ್ಚು, ಬಜೆಟ್ ಹಾಕುವುದು ಹೇಗೆ. ಬಜೆಟ್ ಎಂಬ ಶಬ್ದ ಕಂಡರೆ ನನಗೆ ಬಾಯಲ್ಲಿ ನೀರೂರುತ್ತದೆ. ಗಟ್ಟಿಯಾಗಿ ಓದತೊಡಗಿದೆ. ಮಗುವಿಗೆ ಬೇರೆ ಕೋಣೆ. ತಳ್ಳುವ ಗಾಡಿ. ಮಗು ಅತ್ತರೆ ಪಕ್ಕದ ಕೋಣೆಯಲ್ಲಿ ಕೇಳಿಸುವ ಯಂತ್ರ. ಸವಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಮ್ಮ ಮನ್ಯಾಗ ಸೀನಿದ್ರ ಮೂರ ಮನಿ ಆಚೆ ಇದ್ದವರು 'ನೂರು ವರ್ಷ' ಅಂತಾರ್ರಿ. ಯಂತ್ರ ಯಾಕ?"

"ನಗಬ್ಯಾಡ. ನಮ್ಮ ಹಿಸಾಬ ನಾವು ಹಾಕೂಣು" ಅಂದು ಕಪಾಟಿನಿಂದ ಒಂದು ಲಗ್ನಪತ್ರಿಕೆ ತೆಗೆದೆ.

ಮೊದಲು ಅವ್ವನಿಗೆ ಫೋನು ಹಚ್ಚಿದೆ. ನಾನು ಹುಟ್ಟಿದಾಗ ತಿಂಗಳಿಗೆ ಎಷ್ಟು ಖರ್ಚಾಗಿತ್ತು ಅಂತ ಕೇಳಿದೆ.

"ನಿಮ್ಮಪ್ಪನ ಹಳೇ ಧೋತರ ಹರದು ಎಂಟ ತುಂಡ ಮಾಡಿದ್ದೆ. ಅದಕ್ಕ ಖರ್ಚ ಅಂತಾರೇನೋ? ಬಾಜು ಮನಿ ಆಯಿ ಎಣ್ಣಿ-ನೀರ ಹಾಕತಿದ್ಲು. ಆಕಿಗೆ ಒಂದ ಕುಬಸದ ಖಣ ಕೊಟ್ಟೆ. ಯಾಕಪಾ, ಈಗ ಆ ರೊಕ್ಕ ತಿರುಗಿ ಕೊಡಾಂವಿದ್ದಿ ಏನ?"

ಧೋತರದಿಂದ ಡೈಪರಿಗೆ ಬಂದ ದೂರ ನೆನೆದು ನಗುತ್ತ ನಾನು ಬರೆಯಲು ಕೂತೆ. ಡೈಪರು, ಎಣ್ಣೆ, ಪೌಡರು, ಚುಚ್ಚುಮದ್ದು, ಡಾಕ್ಟರ ಫೀ, ಕೂಸಿಗೆ ಎಣ್ಣೆ-ನೀರು ಎರೆಯುವಾಕೆಗೆ ದಕ್ಷಿಣೆ, ಸಂಜೆ ಹಾಕುವ ಧೂಪ ಕೂಡ ಬಿಡಲಿಲ್ಲ. ನನ್ನ ಪಗಾರದಲ್ಲಿ ಎಳೆದಾಡಿದರೆ ಅಷ್ಟೂ ಕೂಡುತ್ತಿತ್ತು. ಆಮೇಲೆ ಬಂತು ದೊಡ್ಡ ಪ್ರಶ್ನೆ. ಮೂರು ತಿಂಗಳಾದ ಮೇಲೆ ಸವಿತಾ ಶಾಲೆಗೆ ಹೋದರೆ ಮಗುವನ್ನು ನೋಡಿಕೊಳ್ಳುವವರು ಯಾರು?

ಅದಕ್ಕೆ ಬೇರೆ ಲೆಕ್ಕ ಹಾಕಿದೆ, ಅದೇ ಪತ್ರಿಕೆಯ ಕೆಳಗೆ. ಹಗಲೆಲ್ಲ ಮಗುವಿನ ಹತ್ತಿರ ಇರುವ ಹೆಣ್ಣುಮಗಳಿಗೆ ಐದೂವರೆ ಸಾವಿರ. ತಾಯಿ ಹತ್ತಿರ ಇರುವುದಿಲ್ಲ ಎಂದ ಮೇಲೆ ಹಾಲಿನ ಪುಡಿ, ಬಾಟಲಿ: ಎರಡು ಸಾವಿರದ ನಾನೂರು. ಬೇರೆಯವರು ನೋಡಿಕೊಂಡರೆ ಡೈಪರು ಹೆಚ್ಚು ಖರ್ಚಾಗುತ್ತವೆ, ಅದಕ್ಕೆ ಏಳುನೂರು. ಶಾಲೆಗೆ ಉಡುವ ಸೀರೆ, ಇಸ್ತ್ರಿ, ಚಪ್ಪಲಿ ಸೇರಿ ಆರುನೂರು. ಒಟ್ಟು ಒಂಬತ್ತು ಸಾವಿರದ ಇನ್ನೂರು.

"ನೋಡ" ಅಂದೆ, ದೊಡ್ಡದೇನೋ ಕಂಡುಹಿಡಿದವನ ಹಾಗೆ. "ನೀ ನೌಕರಿಗೆ ಹೋದ್ರ ನಮಗ ತಿಂಗಳಾ ಇನ್ನೂರು ರೂಪಾಯಿ ಲುಕ್ಸಾನ."

ಸವಿತಾ ಪತ್ರಿಕೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಗಣಿತದ ಟೀಚರು, ಕೂಡಿಸುವುದು ತಪ್ಪಿದ್ದರೆ ಹಿಡಿಯುತ್ತಿದ್ದಳು. ತಪ್ಪಿರಲಿಲ್ಲ.

"ಮುಂದಿನ ವರ್ಷ ಹನ್ನೆರಡ ಸಾವಿರ ಮಾಡ್ತೇವಂತ ಅಂದಾರ್ರಿ" ಅಂದಳು.

"ಅಂದಾರ. ಕೊಟ್ಟಾರೇನ? ಬಜೆಟ್ಟಿನ್ಯಾಗ ಕೈಯಾಗಿಂದಷ್ಟ ಹಿಡೀಬೇಕು."

ಮರುವಾರ ಅವ್ವ ಅಲಖನೂರಿನಿಂದ ಬಂದಳು. ಸುದ್ದಿ ಕೇಳಿ ಸೆರಗಿನ ಗಂಟು ಬಿಚ್ಚುತ್ತ, "ಆಕಿ ನೌಕರಿ ಯಾಕ ಬಿಡಬೇಕೋ? ಎಮ್ಮಿ ಎರಡೂ ಮಾರಿ ಬರ್ತೇನಿ. ಕೂಸಿನ ನಾ ನೋಡ್ತೇನಿ" ಅಂದಳು. ಸವಿತಾಳ ಮುಖ ಅರಳಿದ್ದು ನನಗೆ ಕಂಡಿತು. ಈಗಲೂ ಕಾಣುತ್ತದೆ.

ನಾನು ಏನು ಮಾಡಿದೆ ಹೇಳಿ? ಎಮ್ಮೆಗಳದ್ದೂ ಲೆಕ್ಕ ಹಾಕಿದೆ. ಹಿಂಡಿ, ಮೇವು, ಔಷಧ ಕಳೆದು ಅವು ತಿಂಗಳಿಗೆ ಹತ್ತು ಸಾವಿರ ತರುತ್ತಿದ್ದವು. ಹತ್ತು ಸಾವಿರ ಬಿಟ್ಟು ಒಂಬತ್ತು ಸಾವಿರ ಉಳಿಸಿಕೊಳ್ಳುವ ಶಾಣ್ಯಾ ಯಾರಿದ್ದಾನೆ? ಆ ಹತ್ತು ಸಾವಿರದಲ್ಲಿ ಹೊಲದ ಖರ್ಚು ಹೋಗಿ ನಮಗೆ ಬರುತ್ತಿದ್ದದ್ದು ವಾರಕ್ಕೊಂದು ಗಡಿಗೆ ಮೊಸರು ಅಷ್ಟೇ. ಆದರೆ ಅಂಕಿ ಅಂಕಿಯೇ. "ಬ್ಯಾಡವ್ವಾ, ಪರವಡಂಗಿಲ್ಲ, ಲೆಕ್ಕಕ್ಕ ಕೂಡೂದಿಲ್ಲ" ಅಂದೆ.

ಸವಿತಾ ಸಿಟ್ಟು ಬಂದರೆ ಮರಾಠಿಗೆ ಹೊರಳುತ್ತಾಳೆ, ಅವತ್ತು ಹೊರಳಲಿಲ್ಲ. ಅವ್ವನ ಎದುರಿಗೇ, ಮೆಲ್ಲಗೆ, ಅಚ್ಚ ಕನ್ನಡದಲ್ಲಿ ಹೇಳಿದಳು: "ನಿಮ್ಮ ಲೆಕ್ಕದಾಗ ಎಮ್ಮಿ ನನಗಿಂತ ಮ್ಯಾಲ ಆತಲ್ರಿ."

ಅವ್ವ ನನ್ನ ಕಡೆ ನೋಡಿದಳು. ನಾನು ನಕ್ಕೆ. ಅದನ್ನು ಚೇಷ್ಟೆ ಎಂದುಕೊಂಡೆ. ಆಫೀಸಿನಲ್ಲಿ ಹೇಳಿ ನಾಲ್ಕು ಜನರನ್ನು ನಗಿಸಿದೆ ಕೂಡ.

ಸವಿತಾ ರಾಜೀನಾಮೆ ಬರೆದು ಕೊಟ್ಟಾಗ ಹೆಡ್‌ಮಾಸ್ತರರು ತಾವೇ ಮನೆಗೆ ಬಂದರು. ಚಹಾ ಕುಡಿಯುತ್ತ, "ಒಂದ ವರ್ಷ ರಜಾ ಕೊಡ್ತೇವ್ರಿ. ಪಗಾರ ಇಲ್ಲ, ಆದ್ರ ಜಾಗಾ ಇಟ್ಟಿರ್ತೇವಿ" ಅಂದರು. ಸವಿತಾ ನನ್ನ ಮುಖ ನೋಡಿದಳು. ವರ್ಷದ ಮೇಲೆ ಮಾತ್ರ ಲೆಕ್ಕ ಬದಲಾಗುತ್ತದೆಯೇ, ಆಗಲೂ ಮಗು ಮಗುವೇ ಅಲ್ಲವೇ, ಅಂತ ನಾನು ಹೆಡ್‌ಮಾಸ್ತರರಿಗೆ ತಿಳಿಸಿ ಹೇಳಿದೆ. ಅವರು ಬಸಿಯಲ್ಲಿ ಉಳಿದ ಚಹಾ ಹಾಗೇ ಬಿಟ್ಟು ಎದ್ದರು. ಅವಳ ಜಾಗಕ್ಕೆ ಜಯಶ್ರೀ ಅಂತ ಹೊಸ ಹುಡುಗಿ ಬಂದಳು. ಗಣಿತ ಹೇಗೆ ಕಲಿಸಬೇಕು ಅಂತ ಎರಡು ಸಂಜೆ ಬಂದು ಸವಿತಾಳನ್ನೇ ಕೇಳಿ ಹೋದಳು.

ಆರೋಹಿ ಹುಟ್ಟಿದಳು. ನನ್ನ ಬಜೆಟ್ಟು ಮೊದಲ ತಿಂಗಳೇ ಮಕಾಡೆ ಬಿತ್ತು. ಡೈಪರಿಗೆ ಅವಳ ತೊಡೆಯೆಲ್ಲ ಕೆಂಪಾಗಿ, ಅವ್ವ ತಂದ ಹಳೆಯ ಸೀರೆಯ ತುಂಡುಗಳೇ ಗತಿಯಾದವು. ಖಾಸಗಿ ಆಸ್ಪತ್ರೆಯ ಚುಚ್ಚುಮದ್ದಿಗೆ ತೆಗೆದಿಟ್ಟದ್ದು ಉಳಿಯಿತು, ಸವಿತಾ ಸರಕಾರಿ ದವಾಖಾನೆಗೆ ಎತ್ತಿಕೊಂಡು ಹೋಗಿ ಪುಕ್ಕಟೆ ಹಾಕಿಸಿಕೊಂಡು ಬರುತ್ತಿದ್ದಳು. ಉಳಿದದ್ದು ಹೊಟ್ಟೆನೋವು, ಕೆಮ್ಮು ಅಂತ ರಾಯಬಾಗದ ಡಾಕ್ಟರಿಗೆ ಹೋಯಿತು. ಹೀಗೆ ಒಂದು ಕಡೆ ಹರಿದರೆ ಇನ್ನೊಂದು ಕಡೆ ಹೊಲಿದು ತಿಂಗಳು ದೂಡುತ್ತಿದ್ದೆವು. ನಾನು ಪ್ರತಿ ತಿಂಗಳು ಹೊಸ ಪತ್ರಿಕೆ ತಿರುಗಿಸಿ ಬರೆಯುತ್ತಿದ್ದೆ. ಲಗ್ನಗಳ ಸುಗ್ಗಿ ಇದ್ದದ್ದರಿಂದ ಕಾಗದಕ್ಕೆ ಬರವಿರಲಿಲ್ಲ.

ಒಂದು ಬಾಬು ಮಾತ್ರ ನಾನು ಯಾವ ತಿಂಗಳೂ ಬರೆದಿರಲಿಲ್ಲ. ಅದು ಗೊತ್ತಾದದ್ದು ಮಗಳಿಗೆ ಐದು ತಿಂಗಳಾದಾಗ.

ನಾನು ಆಫೀಸಿಗೆ ಹೊರಟಿದ್ದೆ. ಸವಿತಾ ಬಾಗಿಲ ಹತ್ತಿರ ಬಂದು ನಿಂತಳು. ಏನೋ ಹೇಳುವುದಿತ್ತು. ಒಮ್ಮೆ ಮಗುವಿನ ಕುಂಚಿಗೆ ಸರಿಪಡಿಸಿದಳು, ಒಮ್ಮೆ ಬಾಗಿಲ ಚಿಲಕ ಮುಟ್ಟಿದಳು.

"ರೀ… ನನ್ನ ಮೊಬೈಲ್ ಬಂದ್ ಆಗೇತಿ. ರಿಚಾರ್ಜ್ ಮಾಡಸ್ತೀರಿ?"

"ಯಾವಾಗ ಬಂದ್ ಆತು?"

"ಹದಿನಾರ ದಿನ ಆತು."

ಹದಿನಾರು ದಿನ ಅವಳು ಕಾಗವಾಡದಲ್ಲಿದ್ದ ತನ್ನ ತಾಯಿಯ ಜೊತೆ ಮಾತಾಡಿರಲಿಲ್ಲ. ಕೇಳಲು ನಾಚಿಕೆಯಾಗಿತ್ತು. ಮೊದಲಾಗಿದ್ದರೆ ತನ್ನ ಕಾರ್ಡು ತೆಗೆದುಕೊಂಡು ಹೋಗಿ ನನ್ನದನ್ನೂ ಸೇರಿಸಿ ಮಾಡಿಸಿಕೊಂಡು ಬರುತ್ತಿದ್ದಳು. ನಾನು "ಇಷ್ಟಕ್ಕ ಯಾಕ ಸಂಕೋಚ?" ಅಂದು ಔದಾರ್ಯ ತೋರಿಸಿದೆ. ಆ ಸಂಜೆಯೇ ಪತ್ರಿಕೆಯ ಹಿಂಬದಿಯಲ್ಲಿ 'ಸವಿತಾ, ರಿಚಾರ್ಜ್' ಅಂತ ಬರೆದೆ. ಡೈಪರಿನ ಕೆಳಗೆ, ಧೂಪದ ಮೇಲೆ.

ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಬಳೆಗಾರ ಓಣಿಗೆ ಬಂದರೆ, "ಮುಂದಿನ ಸಲ ಬಾರಪಾ, ಕೂಸು ಮಲಗೇತಿ" ಅನ್ನುತ್ತಿದ್ದಳು. ಮಗು ಎಚ್ಚರವಾಗಿ ಅವಳ ಸೊಂಟದ ಮೇಲೇ ಇರುತ್ತಿತ್ತು. ಕಟ್ಟೆಯ ಹಿರಿಯರೂ ಕಾಲು ಮಡಚುವುದನ್ನು ಬಿಟ್ಟಿದ್ದರು. ಮಗು ಎತ್ತಿಕೊಂಡು ಹಾಲಿಗೆ ಹೋಗುವ ಹೆಂಗಸಿಗೆ ಯಾರು ಮಡಚುತ್ತಾರೆ? ಓಣಿಯಲ್ಲಿ ಅವಳ ಹೆಸರು 'ಬಾಯೋರು' ಹೋಗಿ 'ಆರೋಹಿ ಮಮ್ಮಿ' ಆಯಿತು. ಎರಡು ವರ್ಷದ ಮೇಲೆ ನಾಲ್ಕು ಮಕ್ಕಳಿಗೆ ಮನೆಯಲ್ಲಿ ಟ್ಯೂಶನ್ ಹೇಳಲು ನೋಡಿದಳು. ಮಗು ಅವರ ಪುಸ್ತಕ ಹರಿಯುತ್ತಿತ್ತು. ಒಬ್ಬನ ತಾಯಿ ಬಂದು ಹೊಸ ಪುಸ್ತಕದ ರೊಕ್ಕ ಇಸಿದುಕೊಂಡು ಹೋದಳು. ಟ್ಯೂಶನ್ ನಿಂತಿತು.

ಆರೋಹಿಯನ್ನು ಎಲ್.ಕೆ.ಜಿ.ಗೆ ಹಾಕುವ ವರ್ಷ ಬಂತು. ಹತ್ತಿರದ ಶಾಲೆ ಅದೊಂದೇ, ಸವಿತಾ ಕಲಿಸುತ್ತಿದ್ದ ಶಾಲೆ. ಮೂರೂ ಜನ ಹೋದೆವು. ಶಾಲೆ ಎರಡು ಅಂತಸ್ತು ಬೆಳೆದಿತ್ತು. ಒಳಗೆ, 'ಪ್ರಾಥಮಿಕ ವಿಭಾಗದ ಮುಖ್ಯಸ್ಥರು' ಅಂತ ಹಲಗೆ ಹಾಕಿಕೊಂಡ ಮೇಜಿನ ಹಿಂದೆ ಜಯಶ್ರೀ ಕೂತಿದ್ದಳು. ಪಾಪ, ಒಳ್ಳೆಯ ಹುಡುಗಿ. ಸವಿತಾಳನ್ನು ಕಂಡ ಕೂಡಲೇ ಎದ್ದು ನಿಂತಳು.

"ಮೇಡಮ್, ಕೂಡ್ರಿ, ಕೂಡ್ರಿ. ನೀವಿದ್ದಿದ್ರ ಈ ಖುರ್ಚಿ ನಿಮ್ದ ಇರ್ತಿತ್ತು ನೋಡ್ರಿ."

ಪ್ರೀತಿಯಿಂದಲೇ ಅಂದಳು. ಸವಿತಾ ನಕ್ಕಳು. ಫೀ ಎಷ್ಟು ಅಂತ ನಾನು ಕೇಳಿದೆ. ವರ್ಷಕ್ಕೆ ಇಪ್ಪತ್ತೆಂಟು ಸಾವಿರ. ನನ್ನ ಹುಬ್ಬು ಮೇಲೇರಿದ್ದು ನೋಡಿ ಜಯಶ್ರೀ ಇನ್ನೊಂದು ಮಾತು ಸೇರಿಸಿದಳು. "ನಮ್ಮ ಟೀಚರ್ ಮಕ್ಕಳಿಗೆ ಅರ್ಧಾ ಐತ್ರಿ ಸರ್. ಆದ್ರ ಮೇಡಮ್ ಈಗ…"

ವಾಕ್ಯ ಅಲ್ಲಿಗೇ ನಿಂತಿತು. ನನ್ನ ತಲೆಯಲ್ಲಿ ಮರಾಠಿ ಮಗ್ಗಿ ತಾನಾಗಿ ಓಡತೊಡಗಿತ್ತು. ವರ್ಷಕ್ಕೆ ಹದಿನಾಲ್ಕು ಸಾವಿರ. ಅವಳ ಪಗಾರ ಈಗ ಇದ್ದಿದ್ದರೆ ಹದಿನೆಂಟೋ ಇಪ್ಪತ್ತೋ. ಬಾಗಿಲ ಹೊರಗೆ ಬಂದಾಗ ಸವಿತಾ ಮಗಳ ಬೂಟಿನ ಲೇಸು ಕಟ್ಟುತ್ತ ಕೂತಿದ್ದಳು. ಗೇಟಿನೊಳಗೆ ಯಾವುದೋ ತರಗತಿಯಲ್ಲಿ ಮಕ್ಕಳು ಗಟ್ಟಿಯಾಗಿ ಮಗ್ಗಿ ಹೇಳುತ್ತಿದ್ದರು. ಏಳು ಎಂಟಲಿ ಐವತ್ತನಾಲ್ಕು ಅಂತ ಒಂದು ಧ್ವನಿ ತಪ್ಪಾಗಿ ಕೇಳಿತು. ಸವಿತಾ ಲೇಸು ಬಿಟ್ಟು ತಲೆ ಎತ್ತಿದಳು. ಒಳಗೆ ಯಾರೂ ತಿದ್ದಲಿಲ್ಲ. ಅವಳು ಮತ್ತೆ ಲೇಸಿಗೆ ಬಾಗಿದಳು.

ಆ ವರ್ಷ ಪೂರ್ತಿ ಫೀ ತುಂಬಿದೆವು, ಮರುವರ್ಷವೂ ತುಂಬಿದೆವು. ಈ ವರ್ಷ ಒಂದನೆತ್ತೆಗೆ ಫೀ ಇನ್ನಷ್ಟು ಏರಿತು. ನನಗೆ ಸಹಿಸಲಾಗಲಿಲ್ಲ. ಒಂದು ಸಂಜೆ ರಸೀದಿ ಕೈಯಲ್ಲಿ ಹಿಡಿದು, ಯಾರಿಗೆ ಅಂತಿಲ್ಲದೆ ಒದರಾಡಿದೆ. ಇಷ್ಟು ಫೀ ಯಾಕೆ, ಎರಡನೇ ಅಂತಸ್ತು ನಮ್ಮ ರೊಕ್ಕದಲ್ಲೇ ಕಟ್ಟಿದರೇನು, ಟೀಚರುಗಳ ಮಕ್ಕಳು ಮಾತ್ರ ಯಾಕೆ ಅರ್ಧ ಅಂತ. ಸವಿತಾ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು. 'ರೀ' ಹೋಗಿ ಮರಾಠಿಯ 'ಅಹೋ' ಬಂತು.

"ಅಹೋ, ಆ ಆರುನೂರು ರೂಪಾಯಿ ನೀವು ಆಮ್ಯಾಲ ಸೇರಿಸಿ ಬರದಿದ್ರಿ."

"ಯಾವ ಆರುನೂರು?"

"ಸೀರಿ, ಇಸ್ತ್ರಿ, ಚಪ್ಪಲಿ. ಉಳಿದದ್ದೆಲ್ಲ ನೀಲಿ ಶಾಯಿ ಇತ್ತು. ಅದೊಂದ ಕಪ್ಪು."

ನಾನು ರಸೀದಿ ಮಡಚಿ ಕಿಸೆಗೆ ಹಾಕಿಕೊಂಡೆ. ನಿಮಗೆ ಹೇಳದೆ ಬಿಟ್ಟದ್ದು ಇದೇ. ಆ ಭಾನುವಾರ ಮೊದಲ ಸಲ ಕೂಡಿಸಿದಾಗ ಲುಕ್ಸಾನ ಬಂದಿರಲಿಲ್ಲ; ನಾನೂರು ರೂಪಾಯಿ ಉಳಿಯುತ್ತಿತ್ತು. ಅವಳು ಮುಖ ತೊಳೆಯಲು ಹಿತ್ತಿಲಿಗೆ ಹೋಗಿದ್ದಳು. ನನಗೆ ಆ ನಾನೂರು ಸೇರಲಿಲ್ಲ. ನನಗೆ ಬೇಕಾಗಿದ್ದದ್ದು ಬೇರೆ: ಅವಳು ಮನೆಯಲ್ಲಿರುವುದು. ಪರಕೀಯ ಹೆಂಗಸೊಬ್ಬಳು ದಿನವಿಡೀ ನಮ್ಮ ಮನೆಯಲ್ಲಿ ಓಡಾಡುವುದು, ಮಗುವಿಗೆ ಜ್ವರ ಬಂದರೆ ನಾನು ಆಫೀಸು ಬಿಟ್ಟು ಓಡಿಬರುವುದು, ಸಂಜೆ ಇಬ್ಬರೂ ದಣಿದು ಬಂದು ಯಾರು ಒಲೆ ಹಚ್ಚಬೇಕು ಅಂತ ಮುಖ ನೋಡಿಕೊಳ್ಳುವುದು, ಇವ್ಯಾವುವೂ ನನಗೆ ಬೇಕಾಗಿರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ಅಂಗಿಯ ಕಿಸೆಯಲ್ಲಿದ್ದ ಆಫೀಸಿನ ಪೆನ್ನು ತೆಗೆದು ಇನ್ನೊಂದು ಬಾಬು ಸೇರಿಸಿದೆ. ಶಾಲೆಗೆ ಹೋಗದಿದ್ದರೂ ಅವಳು ಸೀರೆ ಉಡುತ್ತಾಳೆ, ಚಪ್ಪಲಿ ಮೆಟ್ಟುತ್ತಾಳೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಆರುನೂರು ಹಾಕಿದೆ, ಇನ್ನೂರು ಲುಕ್ಸಾನ ಬಂತು.

"ಗೊತ್ತಿದ್ರ ಆವಾಗ ಯಾಕ ಸುಮ್ಮನಿದ್ದಿ?" ಅಂದೆ. ನನ್ನ ಧ್ವನಿ ನನಗೇ ಕಳ್ಳನದು ಅನ್ನಿಸಿತು.

"ಆಡಿ ಏನ ಮಾಡೂದಿತ್ರಿ? ಇನ್ನೊಂದು ಬಾಬು ಸೇರಸ್ತಿದ್ರಿ."

ಮೊರ ಎತ್ತಿಕೊಂಡಳು. ಎರಡು ಸಲ ಕೇರಿದಳು. ಹೊಟ್ಟು ನನ್ನ ಕಾಲ ಹತ್ತಿರ ಬಂದು ಬಿತ್ತು.

"ಸೋಮವಾರ ಅಥಣಿಗೆ ಹೋಗ್ತೇನಿ. ಒಂದ ಸಾಲ್ಯಾಗ ಜಾಗಾ ಐತಿ ಅಂತ. ಕೇಳಾಕತ್ತಿಲ್ಲ, ಹೇಳಾಕತ್ತೇನಿ."

ಸೋಮವಾರ ಆರೋಹಿಯ ಶಾಲೆಗಷ್ಟೇ ಏನೋ ರಜೆಯಿತ್ತು. ನಾನೂ ಆಫೀಸಿಗೆ ರಜೆ ಹಾಕಿ ಮಗಳನ್ನು ಕರೆದುಕೊಂಡು ಜೊತೆಗೆ ಹೊರಟೆ. ಯಾರೂ ಬಾ ಅಂದಿರಲಿಲ್ಲ. ಕಬ್ಬು ಕಡಿಯುವ ಹಂಗಾಮು. ಎರಡೆರಡು ಡಬ್ಬಿ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಸವಿತಾ ಮಡಿಲಲ್ಲಿ ಪ್ಲಾಸ್ಟಿಕ್ ಫೈಲು ಇಟ್ಟುಕೊಂಡು ಆರನೆಯ ಇಯತ್ತೆಯ ಭಿನ್ನರಾಶಿಯ ಪಾಠ ಬಾಯಲ್ಲೇ ಹೇಳಿಕೊಳ್ಳುತ್ತಿದ್ದಳು. ಇಡೀ ವಾರ ತಯಾರಿ ಮಾಡಿದ್ದಳು. ರೊಟ್ಟಿಯನ್ನು ಎಂಟು ಭಾಗ ಮಾಡಿ ಆರೋಹಿಗೆ ಕಲಿಸಿ ನೋಡಿದ್ದಳು.

ಅಥಣಿಯ ಆ ಶಾಲೆಯ ಪಡಸಾಲೆಯಲ್ಲಿ ಒಂದು ಬಾಕು. ನಾನು ಮಗಳೊಂದಿಗೆ ಕೂತೆ. ಸವಿತಾ ಒಳಗೆ ಹೋದಳು. ಮೊದಲು ಪಾಠ ಮಾಡಿಸಿದರು. ಬಾಗಿಲ ಸಂದಿಯಿಂದ ಅವಳ ಧ್ವನಿ ಕೇಳುತ್ತಿತ್ತು. ನಾನು ಅವಳು ಕಲಿಸುವುದನ್ನು ಅವತ್ತಿನ ತನಕ ಕೇಳಿರಲೇ ಇಲ್ಲ. ಮಕ್ಕಳು ಒಮ್ಮೆ ಗೊಳ್ಳೆಂದು ನಕ್ಕರು, ಆಮೇಲೆ ಎಲ್ಲರೂ ಒಟ್ಟಿಗೆ ಉತ್ತರ ಹೇಳಿದರು. ಆರೋಹಿ ನನ್ನ ಕಿವಿಯಲ್ಲಿ, "ಪಪ್ಪಾ, ಮಮ್ಮಿ ಟೀಚರ್ ಆಗ್ಯಾಳ" ಅಂದಳು. ನಾನು ಗೋಡೆಗೆ ಹಾಕಿದ ನೋಟಿಸುಗಳನ್ನು ಓದುವ ನಾಟಕ ಮಾಡಿದೆ.

ಅರ್ಧ ತಾಸಿನ ಮೇಲೆ ಹೊರಬಂದಳು.

"ತಗೊಂಡ್ರು."

"ಗಣಿತಕ್ಕ?"

"ನರ್ಸರಿಗೆ. 'ಏಳ ವರ್ಷ ಏನ ಮಾಡಿದ್ರಿ' ಅಂತ ಕೇಳಿದ್ರು. 'ಮಗಳನ್ನ ನೋಡ್ಕೊಂಡೆ' ಅಂದೆ. 'ಹಂಗಾದ್ರ ನಿಮಗ ನರ್ಸರಿ ಚಲೋ ಆಕ್ಕೈತಿ' ಅಂದ್ರು. ಬಟ್ಟಿ ಬದಲಸೂದು, ಡಬ್ಬಿ ಉಣಸೂದು ಅಭ್ಯಾಸ ಇರ್ತೈತಂತ."

"ಪಾಠ ಚಲೋ ಆಗಿತ್ತಲ?"

"ಚಲೋ ಆಗಿತ್ತು ಅಂದ್ರು."

ಬಸ್‌ಸ್ಟ್ಯಾಂಡಿಗೆ ನಡೆಯುತ್ತ, ಆ ಜಾಗ ಯಾಕೆ ಖಾಲಿಯಾಗಿತ್ತು ಅಂತ ಕೇಳಿದೆ. ಏನಾದರೂ ಮಾತು ಬೇಕಾಗಿತ್ತು.

"ಅಲ್ಲಿದ್ದ ಹುಡುಗಿ ಎಂಟ ತಿಂಗಳ ಬಸರಿ ಅಂತ. ಬಿಟ್ಟಾಳ."

ಬಸ್ಸು ತುಂಬಿತ್ತು. ಮುಂದೆ ಹೆಂಗಸರ ನಡುವೆ ಅವಳಿಗೆ ಜಾಗ ಸಿಕ್ಕಿತು. ನಾನು ಮಗಳನ್ನು ಎತ್ತಿಕೊಂಡು ಹಿಂದೆ ನಿಂತೆ. ಕೃಷ್ಣೆಯ ಸೇತುವೆ ದಾಟಿತು, ಊರು ಬಂತು. ಅವಳು ಹಿಂದಕ್ಕೆ ತಿರುಗಿ ನೋಡಲಿಲ್ಲ. ಎಷ್ಟು ಕೊಡುತ್ತಾರೆ ಅಂತ ನಾನು ಅವತ್ತು ಕೇಳಲಿಲ್ಲ. ಒಂಬತ್ತು ಸಾವಿರಕ್ಕಿಂತ ಕಡಿಮೆಯೇ ಇರಬೇಕು ಅಂತ ಅವಳ ನಡಿಗೆಯಿಂದ ಅಂದಾಜು ಮಾಡಿದೆ.

ಈಗ ಅವಳು ಮುಂಜಾನೆ ಏಳೂವರೆಯ ಬಸ್ಸಿಗೆ ಹೋಗುತ್ತಾಳೆ. ಆರೋಹಿಯ ಜಡೆ ಹಾಕುವ ಕೆಲಸ ನನ್ನ ಪಾಲಿಗೆ ಬಂದಿದೆ. ಬೈತಲೆ ಎಷ್ಟು ನೇರ ಎಳೆದರೂ ಹಳ್ಳದ ಹಾಗೆ ಸೊಟ್ಟ ಹರಿಯುತ್ತದೆ. "ಪಪ್ಪಾ, ನಿನಗ ಬರಂಗಿಲ್ಲ" ಅಂತ ಅವಳು ಅಳುಮುಖ ಮಾಡುತ್ತಾಳೆ, ನಾನು ಮತ್ತೆ ಬಿಚ್ಚಿ ಹಾಕುತ್ತೇನೆ. ಸಂಜೆ ನಾಲ್ಕಕ್ಕೆ ಆಫೀಸಿನಿಂದ ಅರ್ಧ ತಾಸು ಕೇಳಿಕೊಂಡು ಬಂದು ಅವಳನ್ನು ಶಾಲೆಯಿಂದ ಕರೆತಂದು ಬಾಜು ಮನೆಯಲ್ಲಿ ಬಿಡುತ್ತೇನೆ. ಏಳು ವರ್ಷದ ಹಿಂದೆ ಆಗದು ಎಂದುಕೊಂಡಿದ್ದೆಲ್ಲ ದಿನವೂ ಆಗುತ್ತಿದೆ, ಯಾರಿಗೂ ಏನೂ ಆಗಿಲ್ಲ. ಮನೆಯಲ್ಲಿ ಜಗಳವಿಲ್ಲ. ಸವಿತಾ ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಊಟಕ್ಕೆ ಬಡಿಸುತ್ತಾಳೆ, ನರ್ಸರಿಯ ಮಕ್ಕಳ ಕಥೆಗಳನ್ನು ಮಗಳಿಗೆ ಹೇಳುತ್ತಾಳೆ. ನಾನು ಹತ್ತಿರ ಹೋದರೆ ಕಥೆ ನಿಲ್ಲಿಸುವುದಿಲ್ಲ. ಆದರೆ ನನಗಾಗಿ ಮೊದಲಿನಿಂದ ಶುರು ಮಾಡುವುದೂ ಇಲ್ಲ.

ಪಗಾರದ ಖಾತೆಯನ್ನು ಅವಳು ಅಥಣಿಯ ಬ್ಯಾಂಕಿನಲ್ಲೇ ತೆರೆದಿದ್ದಾಳೆ. ನಮ್ಮ ಸಂಘದಲ್ಲಿ ಯಾಕೆ ತೆರೆಯಲಿಲ್ಲ ಅಂತ ಕೇಳುವಷ್ಟು ದಡ್ಡ ನಾನಲ್ಲ.

ಈ ತಿಂಗಳ ಮೊದಲ ವಾರ ಅವಳು ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದಳು. ಅವ್ವನಿಗೊಂದು ಶಾಲು, ಮಗಳಿಗೊಂದು ಬಣ್ಣದ ಪೆನ್ಸಿಲಿನ ಡಬ್ಬಿ ತಂದಿದ್ದಳು. ಕೈಕಾಲು ತೊಳೆದು ರೊಟ್ಟಿಗೆ ಹಿಟ್ಟು ಕಲಸಲು ಕೂತಳು. ನಾನು ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತೆ. ಕೇಳಬಾರದಿತ್ತು. ಆದರೆ ಮನುಷ್ಯನ ಸ್ವಭಾವ ಇ‌ಷ್ಟು ಸಲೀಸಾಗಿ ಹೋಗುವುದೇ?

"ಪಗಾರ ಆತೇನ?"

"ಹೂಂ, ಆತ್ರಿ."

"ಎಷ್ಟ ಕೊಟ್ರು?"

ರೊಟ್ಟಿ ಬಡಿಯುವ ಕೈ ನಿಲ್ಲಲಿಲ್ಲ. ಬಡಿದು, ದುಂಡಗೆ ತಿರುಗಿಸಿ, ಎತ್ತಿ ಹಂಚಿನ ಮೇಲೆ ಹಾಕಿ, ನೀರು ಸವರಿದ ಮೇಲೆ ಹೇಳಿದಳು:

"ಕೊಟ್ಟಾರ."